ಹಿಂದಿನ ಸಾಲಿನಲ್ಲಿ ಕೂತ ಡ್ರೈವರು

ಆ ಊರಿನ ದಾರಿಗೆ ಕಿವಿಯಿತ್ತು. ಗಾಲಿಯ ಸದ್ದನ್ನು ಅದು ಲೆಕ್ಕಕ್ಕೆ ಇಡುತ್ತಿರಲಿಲ್ಲ. ಗಾಡಿ ಓಡಿಸುವವನ ಮನಸ್ಸನ್ನು ಕೇಳುತ್ತಿತ್ತು. ಓಡಿಸುವವನು ಇನ್ನೊಬ್ಬರ ಕೆಲಸಕ್ಕೆಂದು ಹೊರಟಿದ್ದರೆ ಚಾಪೆಯ ಹಾಗೆ ಬಿಚ್ಚಿಕೊಳ್ಳುತ್ತಿತ್ತು. ತನ್ನ ಕೆಲಸಕ್ಕೆಂದು ಹೊರಟಿದ್ದರೆ ಅರ್ಧದಲ್ಲೇ ಸುತ್ತಿಕೊಂಡು, ಹೊರಟ ಜಾಗಕ್ಕೇ ತಂದು ಬಿಡುತ್ತಿತ್ತು. ಯಾವ ಕಾಲದ ಕಟ್ಟಳೆಯೋ, ಯಾರು ಇಟ್ಟದ್ದೋ, ಬಲ್ಲವರಿಲ್ಲ. ಬೆಂಕಿ ಯಾಕೆ ಸುಡುತ್ತದೆಂದು ಬೆಂಕಿಯನ್ನು ಯಾರೂ ಕೇಳುವುದಿಲ್ಲ. ದಾರಿಯನ್ನೂ ಯಾರೂ ಕೇಳಿರಲಿಲ್ಲ.

ಹಾಗಾಗಿ ಅಲ್ಲಿ ಯಾರೂ ತಮ್ಮ ಗಾಡಿಯನ್ನು ತಾವೇ ಓಡಿಸುತ್ತಿರಲಿಲ್ಲ. ಧಣಿಗೂ ಡ್ರೈವರು ಬೇಕು, ಧಾನ್ಯ ಹೊರುವವನಿಗೂ ಡ್ರೈವರು ಬೇಕು. ಧಣಿಗಳ ಕಾರು ಓಡಿಸುವವರು ಬಿಳಿಯ ಬಟ್ಟೆ ತೊಟ್ಟು ದೊಡ್ಡ ಬಾಗಿಲುಗಳ ಮುಂದೆ ನಿಂತಿರುತ್ತಿದ್ದರು. ಷಟಲ್ ಗಾಡಿ ಓಡಿಸುವವರು ಆಲದ ಮರದ ಕೆಳಗಿನ ಸ್ಟ್ಯಾಂಡಿನಲ್ಲಿ ಸೇರುತ್ತಿದ್ದರು. ಕೆಳಗಿನ ಊರಿಂದ ಮೇಲಿನ ಊರಿಗೆ, ಮೇಲಿನ ಊರಿಂದ ಕೆಳಗಿನ ಊರಿಗೆ, ಮಗ್ಗದ ಲಾಳಿಯ ಹಾಗೆ ದಿನವೆಲ್ಲ ಅವರ ಓಡಾಟ. ಎರಡೂ ಊರುಗಳನ್ನು ಒಂದೇ ಬಟ್ಟೆಯಾಗಿ ನೇಯ್ದವರು ಅವರು ಎಂದರೆ ತಪ್ಪಿಲ್ಲ.

ಬೆಳಗಾದರೆ ಸ್ಟ್ಯಾಂಡಿನಲ್ಲಿ ಸಾಲಾಗಿ ಗಾಡಿ ತೊಳೆಯುವರು. ಗಾಜಿಗೆ ಕುಂಕುಮ ಇಡುವರು. ಗಾಲಿಯ ಕೆಳಗೆ ನಿಂಬೆಹಣ್ಣು ಇಡುವರು. ಊದಿನಕಡ್ಡಿ ಹಚ್ಚಿ, ಸ್ಟೀರಿಂಗನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಎಲ್ಲರೂ ಒಂದೇ ಮಾತು ಹೇಳುವರು: "ನನ್ನದೇನೂ ಇಲ್ಲ, ಕೂತವರದೇ ಎಲ್ಲ." ಆಮೇಲೆ ನಿಂಬೆಹಣ್ಣು ಪಟ್ಟೆಂದು ಒಡೆಯುವುದು, ಗಾಡಿ ಹೊರಡುವುದು. ಬೇವಿನ ಸಾಲು, ಕೆರೆಯ ಏರಿ, ಸುಣ್ಣದ ಗೂಡು, ಜೋಡಿ ಹುಣಸೆ. ಜೋಡಿ ಹುಣಸೆಯ ನಡುವೆ ತೂರಿ ಆಚೆ ಹೋದರೆ ಏರುದಾರಿ; ಏರುದಾರಿಯ ತುದಿಗೆ ಮೇಲಿನ ಊರು. ದಾರಿ ಮನಸ್ಸನ್ನು ಅಳೆಯುವುದು ಆ ಜೋಡಿ ಹುಣಸೆಯ ನಡುವೆಯೇ. ಅಲ್ಲಿ ದಾಟಿದವರು ದಾಟಿದರು. ದಾಟದವರಿಗೆ ಹುಣಸೆಯ ಆಚೆ ಕಾಣುವುದು ಮತ್ತೆ ಅದೇ ಆಲದ ಮರ.

ಅಂಥ ಸ್ಟ್ಯಾಂಡಿಗೆ ಹಿರೇ ಡ್ರೈವರು ಒಬ್ಬನಿದ್ದ. ಅವನ ಗಾಡಿ ಎಂದೂ ಜೋಡಿ ಹುಣಸೆ ದಾಟದೆ ಹಿಂದಿರುಗಿ ಬಂದದ್ದಿಲ್ಲ ಎಂಬುದು ಊರಿನ ಹೆಮ್ಮೆ. ಇದ್ದ ಒಬ್ಬಳೇ ಮಗಳನ್ನು ಮೇಲಿನ ಊರಿಗೆ ಕೊಟ್ಟಿದ್ದ. ಮದುವೆಯ ಮಾರನೇ ದಿನ ಅವಳನ್ನು ತಾನೇ ಗಾಡಿಯಲ್ಲಿ ಕರೆದುಕೊಂಡು ಹೋಗಿ, ತಾನು ಸೀಟು ಬಿಟ್ಟು ಏಳದೆ, ಗಂಡನ ಮನೆಯ ಮುಂದೆ ಇಳಿಸಿದ್ದ. ಹೋಗುವ ಕೆಲಸ ಅವಳದು, ಅವನದಲ್ಲ, ದಾರಿ ಬಿಟ್ಟುಕೊಟ್ಟಿತ್ತು. ಅದಾದ ಮೇಲೆ ದಿನವೂ ಅವಳ ಬೀದಿಯಲ್ಲೇ ಹಾದುಹೋಗುತ್ತಿದ್ದ. ಆದರೆ 'ಒಂದು ಗಳಿಗೆ ನಿಂತು ಮಗಳ ಮುಖ ನೋಡೋಣ' ಎಂದು ಎಂದೂ ಅಂದುಕೊಂಡವನಲ್ಲ. ಅಂದುಕೊಂಡರೆ ಜೋಡಿ ಹುಣಸೆ ಬಿಡುತ್ತದೆಯೇ? ಗಾಡಿ ತುಂಬ ಕೂತ ಜನರ ಗತಿಯೇನು? ಹಬ್ಬಕ್ಕೆ ಅವಳೇ ಇಳಿದು ಬಂದಾಗ ನೋಡುವುದು, ಮಿಕ್ಕ ದಿನ ಬಯಸದೆ ಇರುವುದು. ಹೀಗೆ ಬಯಸದೆ ಇರುವುದನ್ನು ಅವನು ಒಂದು ವಿದ್ಯೆಯ ಹಾಗೆ ಕಲಿತಿದ್ದ.

ಆ ಮಗಳಿಗೆ ಮಗಳು ಹುಟ್ಟಿದಳು.

ಮೇಲಿನ ಊರಿನಲ್ಲಿ ಒಂದು ಪದ್ಧತಿ. ತೊಟ್ಟಿಲಿಗೆ ಹಾಕುವ ದಿನ, ಸೂರ್ಯ ಮುಳುಗುವುದರೊಳಗೆ, ತಾಯಿಯ ತಂದೆ ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕು. ಹೇಳಲು ಅವನು ಬಾರದೆ ಹೊತ್ತು ಮುಳುಗಿದರೆ ಮಗು ಮುಂದಿನ ವರ್ಷ ಅದೇ ದಿನ ಬರುವ ತನಕ ಹೆಸರಿಲ್ಲದೆ ಇರಬೇಕು. ಹೆಸರಿಲ್ಲದ ಮಗುವನ್ನು ಯಾರೂ ಕರೆಯುವ ಹಾಗಿಲ್ಲ, ಲಾಲಿಯಲ್ಲೂ ಕೂಡ. ವರ್ಷವಿಡೀ ಯಾರೂ ಕರೆಯದ ಮಗು ಹೇಗೆ ಬೆಳೆದೀತು?

ತೊಟ್ಟಿಲ ದಿನ ಬೆಳಿಗ್ಗೆ, ಮೊದಲ ಗಾಡಿ ಇಳಿಸಿಕೊಂಡು ಬಂದ ಗಡ್ಡದ ಡ್ರೈವರು, ಹಿರೇ ಡ್ರೈವರಿನ ಹಳೆಯ ಗೆಳೆಯ, ಕೆಳಗೆ ಧುಮುಕಿದವನೇ ಕೂಗಿಕೊಂಡು ಬಂದ.

"ಅಣ್ಣಾ! ನಿನ್ನ ಮಗಳು ಹೇಳಿ ಕಳಿಸಿದಾಳೆ ಕಣೋ! 'ಅಪ್ಪನೇ ಬರಬೇಕು, ಅಪ್ಪನ ಬಾಯಿಂದಲೇ ಹೆಸರಾಗಬೇಕು, ಬಾಗಿಲಲ್ಲಿ ನಿಂತ್ಕೊಂಡಿರ್ತೀನಿ' ಅಂದ್ಲು. ತೊಟ್ಟಿಲು ಆಗಲೇ ಕಟ್ಟಿದಾರೆ. ಹೂವು ನೋಡಬೇಕು ನೀನು!"

ಹಿರೇ ಡ್ರೈವರು ನಿಂಬೆಹಣ್ಣನ್ನು ಕೈಯಲ್ಲೇ ಹಿಂಡಿಬಿಟ್ಟ. ಬಯಸದೆ ಇರುವ ವಿದ್ಯೆಯೆಲ್ಲ ಒಂದೇ ಗಳಿಗೆಯಲ್ಲಿ ಮರೆತುಹೋಯಿತು. ಹೋಗಬೇಕು. ಈಗಲೇ ಹೋಗಬೇಕು. ನಡೆದು ಹೋಗೋಣವೆಂದರೆ ಎರಡು ಹಗಲಿನ ದಾರಿ.

"ಹತ್ತು, ನನ್ನ ಗಾಡೀಲಿ ಹೋಗೋಣ," ಅಂದ ಗಡ್ಡದವನು.

"ನಾನು? ಇನ್ನೊಬ್ಬರ ಗಾಡೀಲಿ ಕೂತು?" ಹಿರೇ ಡ್ರೈವರು ಮೀಸೆಯಡಿಯಲ್ಲೇ ನಕ್ಕ. "ಸ್ಟೀರಿಂಗ್ ಹಿಡಿದ ಕೈ ಮಡಿಲಲ್ಲಿ ಇಟ್ಕೊಂಡು ಕೂತ್ರೆ ಊರು ನಗಾಡ್ತದೆ. ಸುಮ್ಮನಿರು. ನನಗೊಂದು ಉಪಾಯ ಹೊಳೆದಿದೆ."

ಉಪಾಯ ಇಷ್ಟೇ. ಮೇಲಿನ ಊರಿಗೆ ಹೊರಟ ಜನರನ್ನು ತುಂಬಿಸಿಕೊಳ್ಳುವುದು. ಅವರ ಕೆಲಸಕ್ಕೇ ಹೊರಟೆನೆಂದು ಹೇಳಿಕೊಳ್ಳುವುದು. ಅಲ್ಲಿಗೆ ಹೋದ ಮೇಲೆ, ಇಳಿದು ನಾಲ್ಕು ಹೆಜ್ಜೆ ಹಾಕಿದರೆ ಅದು ಯಾವ ಲೆಕ್ಕ?

ಸ್ಟ್ಯಾಂಡಿನಲ್ಲಿ ಜನ ಕರೆಯುವ ಕೂಗಿನವನು ಎಂದಿನಂತೆ ಗಂಟಲು ಹರಿದುಕೊಂಡ. "ಮೇಲಿನೂರು, ಮೇಲಿನೂರು! ಒಂದು ಸೀಟು, ಒಂದೇ ಸೀಟು!" ಪೂರ್ತಿ ಖಾಲಿ ಇರುವ ಗಾಡಿಗೂ ಅವನು ಕೂಗುವುದು ಹಾಗೆಯೇ. ಜನ ಬಂದರು. ತಂಗಿಯ ಮನೆಗೆ ಉಪ್ಪಿನಕಾಯಿ ಕೊಂಡೊಯ್ಯುತ್ತಿದ್ದ ಒಬ್ಬ ಅಜ್ಜಿ, ಕಂಕುಳಲ್ಲಿ ಕೂಸಿನ ಹಾಗೆ ಭರಣಿ ಇಟ್ಟುಕೊಂಡು ಹತ್ತಿದಳು. ಮದುಮಗನ ಕ್ಷೌರಕ್ಕೆ ಹೊರಟ ಕ್ಷೌರದವನು ಹತ್ತಿದ. ಗಂಡು ಹೆಣ್ಣು ಕೂಡಿಸುವ ಮದುವೆ ದಲ್ಲಾಳಿ ಹತ್ತಿದ. ಇನ್ನಷ್ಟು ಜನ ಹತ್ತಿದರು. ಸೀಟು ಭರ್ತಿಯಾಯಿತು.

ಹಿರೇ ಡ್ರೈವರು ಸ್ಟೀರಿಂಗನ್ನು ಕಣ್ಣಿಗೊತ್ತಿಕೊಂಡು ಎಂದಿಗಿಂತ ದೊಡ್ಡದಾಗಿ ಹೇಳಿದ: "ನನ್ನದೇನೂ ಇಲ್ಲ, ಕೂತವರದೇ ಎಲ್ಲ!"

ಬೇವಿನ ಸಾಲು ಬಂತು, ಹೋಯಿತು. ಕೆರೆಯ ಏರಿ ಬಂತು, ಹೋಯಿತು. ಸುಣ್ಣದ ಗೂಡು ಬಂತು, ಹೋಯಿತು. ಜೋಡಿ ಹುಣಸೆ ಬಂತು. ಹಿರೇ ಡ್ರೈವರು ಉಸಿರು ಹಿಡಿದ. 'ಭರಣಿಗಾಗಿ ಹೋಗ್ತಿದೀನಿ, ಕ್ಷೌರಕ್ಕಾಗಿ ಹೋಗ್ತಿದೀನಿ' ಎಂದು ಮನಸ್ಸಿನಲ್ಲೇ ಜಪ ಮಾಡಿದ. ಗಾಡಿ ಹುಣಸೆಯ ನಡುವೆ ತೂರಿತು. ಆಚೆ, ಎದುರಿಗೇ, ಆಲದ ಮರ.

"ಮೇಲಿನೂರು, ಮೇಲಿನೂರು! ಒಂದು ಸೀಟು... ಅರೆ!" ಕೂಗಿನವನ ಬಾಯಿ ತೆರೆದೇ ಉಳಿಯಿತು. "ಅಣ್ಣಾ, ಈಗ ತಾನೇ ಹೋದ್ಯಲ್ಲ!"

ಹಿರೇ ಡ್ರೈವರಿನ ಗಾಡಿ ಹಿಂದಿರುಗಿ ಬಂದದ್ದು ಅದೇ ಮೊದಲು. ಸ್ಟ್ಯಾಂಡಿಗೆ ಸ್ಟ್ಯಾಂಡೇ ಎದ್ದು ನಿಂತಿತು. ಅವನ ಕಿವಿ ಕೆಂಪಾಯಿತು. ಆದರೆ ನಾಚಿಕೆಪಡುತ್ತ ಕೂರುವ ದಿನ ಅದಲ್ಲ, ಬಿಸಿಲು ಏರುತ್ತಿತ್ತು. ಮಗಳು ಬಾಗಿಲಲ್ಲಿ ನಿಂತಿದ್ದಳು.

"ಆಯ್ತು ಮಾರಾಯ," ಎಂದು ಗೆಳೆಯನ ಗಾಡಿಯ ಕಡೆ ತಿರುಗಿದ. "ನೀನೇ ಕರ್ಕೊಂಡು ಹೋಗು. ಬೇಗ, ಬೇಗ!"

ಇಳಿದ ಜನರೆಲ್ಲ ಗಡ್ಡದವನ ಗಾಡಿಗೆ ಹತ್ತಿದರು. ಹಿರೇ ಡ್ರೈವರು ಮುಂದಿನ ಸಾಲಿನಲ್ಲಿ, ಗೆಳೆಯನ ಮಗ್ಗುಲಲ್ಲಿ ಕೂತ. ಗಡ್ಡದವನು ಕಣ್ಣಿಗೊತ್ತಿಕೊಂಡು ಹೇಳಬೇಕಾದ್ದನ್ನು ಹೇಳಿದ. ಬೇವಿನ ಸಾಲು ಸರಿಯಿತು. ಕೆರೆಯ ಏರಿಯ ಮೇಲೆ ಒಂದು ಎಮ್ಮೆ ತನ್ನಪ್ಪನ ಮನೆಯ ಅಂಗಳವೆಂಬಂತೆ ಅಡ್ಡ ಬಂತು. ಗಡ್ಡದವನು ಬ್ರೇಕು ಒತ್ತುವ ಮುಂಚೆಯೇ ಹಿರೇ ಡ್ರೈವರಿನ ಬಲಗಾಲು ತಗಡಿನ ಮೇಲೆ ಧಡ್ಡೆಂದು ಇಳಿಯಿತು. ಸುಣ್ಣದ ಗೂಡಿನ ತಿರುವಿನಲ್ಲಿ ಮತ್ತೊಮ್ಮೆ ಇಳಿಯಿತು. ಜೋಡಿ ಹುಣಸೆಯ ಮುಂದಿನ ಗುಂಡಿಗೆ ಇನ್ನೊಮ್ಮೆ.

ಹುಣಸೆಯ ಆಚೆ ಆಲದ ಮರ.

"ಏನಯ್ಯಾ ಇದು!" ಗಡ್ಡದವನು ಸ್ಟೀರಿಂಗಿಗೆ ಹಣೆ ಚಚ್ಚಿಕೊಂಡ. "ನನಗೆ ಮೇಲಿನೂರಲ್ಲಿ ಏನು ಕೆಲಸ ಇದೆ? ನನ್ನ ಗಾಡಿ ಯಾಕೆ ತಿರುಗ್ತು?"

ಕ್ಷೌರದವನು ಬಗ್ಗಿ ಕೆಳಗೆ ನೋಡಿದ. "ತಿರುಗದೆ ಏನು ಮಾಡ್ತದೆ ಸ್ವಾಮಿ? ದಾರಿಯುದ್ದಕ್ಕೂ ಓಡಿಸಿದ್ದು ಇವರೇ ಅಲ್ವೇ? ನೋಡಿ, ತಗಡು ಒತ್ತಿ ಒತ್ತಿ ಗುಳಿ ಬಿದ್ದಿದೆ."

ಕೂಗಿನವನು ಓಡಿ ಬಂದು ಅದನ್ನು ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕ. "ಅಣ್ಣಾ, ಬ್ರೇಕೇ ಇಲ್ಲದ ಕಡೆ ಬ್ರೇಕು ಹಾಕೋನು ನೀನೊಬ್ಬನೇ ಕಣಪ್ಪಾ!"

ಹಿರೇ ಡ್ರೈವರು ತನ್ನ ಬಲಗಾಲನ್ನು ಬೇರೆ ಯಾರದೋ ಕಾಲೆಂಬಂತೆ ನೋಡಿದ. ತಾನು ಒತ್ತಿದ್ದು ಅವನಿಗೆ ಗೊತ್ತೇ ಇರಲಿಲ್ಲ. "ಇನ್ನೊಂದೇ ಸಲ," ಎಂದು ಗೆಳೆಯನ ಗಡ್ಡ ಹಿಡಿದು ಬೇಡಿಕೊಂಡ. ಎರಡೂ ಕಾಲನ್ನು ಎತ್ತಿ ಸೀಟಿನ ಮೇಲೆ ಮಡಿಸಿ, ಪೂಜೆಗೆ ಕೂತವನಂತೆ ಚಕ್ಕಳಮಕ್ಕಳ ಹಾಕಿ ಕೂತ. ಪಂಚೆಯಿಂದ ಮೊಣಕಾಲು ಬಿಗಿದು ಕಟ್ಟಿಕೊಂಡ.

ಕಾಲು ಅಲುಗಲಿಲ್ಲ. ಆದರೆ ನಾಲಿಗೆಯನ್ನು ಯಾರು ಕಟ್ಟುವವರು?

"ಹಾರನ್ ಹೊಡಿ. ಹೊಡಿಯೋ! ಹ್ಞಾಂ, ಈಗ ಎಡಕ್ಕೆ ತಗೋ. ಗುಂಡಿ, ಗುಂಡಿ! ಗೇರು ಇಳಿಸು. ಇಳಿಸು ಅಂದ್ನಲ್ಲ! ಅಯ್ಯೋ, ಆ ಸೈಕಲ್ಲಿನವನಿಗೆ ಜಾಗ ಬಿಡೋ..."

ಗಡ್ಡದವನಿಗೂ ರೇಗಿತು. "ನಾನು ಗಾಡಿ ಹಿಡಿದದ್ದು ಇವತ್ತಲ್ಲ ಕಣಯ್ಯಾ, ಬಾಯಿ ಮುಚ್ಕೋ!" ಎಂದ. ಹಿರೇ ಡ್ರೈವರು ಬಾಯಿ ಮುಚ್ಚಿಕೊಂಡ. ಮುಚ್ಚಿಕೊಂಡು ಕೈಯಿಂದ ಎಡ, ಬಲ ಎಂದು ತೋರಿಸತೊಡಗಿದ.

ಹುಣಸೆಯ ಆಚೆ ಆಲದ ಮರ.

ಈ ಸಲ ಯಾರೂ ನಗಲಿಲ್ಲ. ಬಿಸಿಲು ನೆತ್ತಿ ದಾಟಿ ಪಡುವಣಕ್ಕೆ ವಾಲಿತ್ತು. ಮದುವೆ ದಲ್ಲಾಳಿ ರುಮಾಲು ಕೊಡವಿ ಎದ್ದು ನಿಂತ. "ನನ್ನ ಗಂಡಿನ ಕಡೆಯೋರು ಬೇರೆ ಹೆಣ್ಣು ನೋಡಿ, ಮದುವೆ ಮಾಡಿ, ಮೊಮ್ಮಕ್ಕಳನ್ನೂ ಆಡಿಸ್ತಿರ್ತಾರೆ ಈಗ. ಇಳಿಸ್ರಪ್ಪ ಇವರನ್ನ!"

"ಇಳಿಸಿ, ಇಳಿಸಿ!" ಎಂದರು ಎಲ್ಲರೂ.

ಗಡ್ಡದವನು ಹಿರೇ ಡ್ರೈವರಿನ ಹೆಗಲ ಮೇಲೆ ಕೈಯಿಟ್ಟ. "ನನ್ನ ಮೇಲೆ ಕೋಪ ಮಾಡ್ಕೋಬೇಡ ಅಣ್ಣ. ಕೂತವರದೇ ಎಲ್ಲ ಅಂತ ಬೆಳಿಗ್ಗೆ ಹೇಳಿದ ಬಾಯಿ ಇದು. ಇವರನ್ನ ಮುಟ್ಟಿಸಬೇಕು ನಾನು."

ಹಿರೇ ಡ್ರೈವರು ಇಳಿದ. ಅವನ ಜೊತೆಗೆ ಭರಣಿ ಅಜ್ಜಿಯೂ ಇಳಿದಳು. ಅಷ್ಟು ಅಲುಗಾಟಕ್ಕೆ ಭರಣಿಯ ಬಾಯಿಯ ಬಟ್ಟೆ ಸಡಿಲವಾಗಿ ಎಣ್ಣೆ ಜಿನುಗುತ್ತಿತ್ತು, ಬಿಗಿದು ಕಟ್ಟಬೇಕಿತ್ತು. ಅವಸರದಲ್ಲಿ ತನ್ನ ಪೆಟ್ಟಿಗೆಯನ್ನೇ ಕೆಳಗೆ ಮರೆತು ಹತ್ತಿ ಕೂತಿದ್ದ ಕ್ಷೌರದವನೂ ಅದಕ್ಕಾಗಿ ಧುಮುಕಿದ. ಅಷ್ಟರಲ್ಲಿ ಅವರ ಜಾಗಕ್ಕೆ ಬೇರೆಯವರು ನುಗ್ಗಿದರು, ಗಾಡಿ ಹೊರಟುಹೋಯಿತು. ಹಿರೇ ಡ್ರೈವರಿಲ್ಲದ ಗಾಡಿ ತಿರುಗಿ ಬರಲಿಲ್ಲ, ಜೋಡಿ ಹುಣಸೆ ದಾಟಿತೆಂದು ಎಲ್ಲರಿಗೂ ತಿಳಿಯಿತು.

ಆಮೇಲೆ ಬಂದ ಗಾಡಿಯವನು ಅವನನ್ನು ಕಂಡೊಡನೆ ಕೈ ಮುಗಿದ. ಅದರ ಹಿಂದಿನವನು ಬಾಗಿಲು ಹಾಕಿಕೊಂಡ. ಧಣಿಯ ಕಾರಿನವನೊಬ್ಬ ಗಾಜು ಇಳಿಸಿ, "ಅಣ್ಣಾವ್ರೇ, ನಮ್ಮ ಧಣಿ ಪೂಜೆಗೆ ಹೋಗಬೇಕು, ತಪ್ಪು ತಿಳೀಬೇಡಿ," ಎಂದು ಗಾಜು ಏರಿಸಿದ. ಎರಡೂ ಊರಿನ ಜನರನ್ನು ಎಲ್ಲೆಂದರಲ್ಲಿಗೆ ಮುಟ್ಟಿಸಿದವನನ್ನು ಮುಟ್ಟಿಸಲು ಆ ಹೊತ್ತು ಒಂದು ಗಾಡಿಯೂ ಇರಲಿಲ್ಲ. ಆಲದ ಬಿಳಲುಗಳ ನೆರಳು ಉದ್ದವಾಗುತ್ತ ಬಂತು. ಹಿರೇ ಡ್ರೈವರಿನ ಕಣ್ಣಿಗೆ ತೊಟ್ಟಿಲು ಕಾಣುತ್ತಿತ್ತು, ಬಾಗಿಲು ಕಾಣುತ್ತಿತ್ತು, ಬಾಗಿಲಲ್ಲಿ ಹಣೆಗೆ ಕೈ ಅಡ್ಡ ಹಿಡಿದು ದಾರಿ ನೋಡುವ ಮಗಳು ಕಾಣುತ್ತಿದ್ದಳು. "ದೇವರೇ, ದಾರಿ ಬಿಡು," ಎಂದು ಅವನು ಬೇಡುತ್ತಲೇ ಇದ್ದ. "ದಾರಿ ಬಿಡು, ದಾರಿ ಬಿಡು."

ಆಗ ಮರದ ಆಚೆ ಮಗ್ಗುಲಿಂದ ಒಂದು ದನಿ ಬಂತು. "ಮೇಲಿನೂರು... ಒಂದು ಸೀಟು. ನಿಜವಾಗ್ಲೂ ಒಂದೇ ಸೀಟು."

ಅವಳು ಹೊಸ ಡ್ರೈವರಮ್ಮ. ಸ್ಟ್ಯಾಂಡಿಗೆ ಬಂದು ಹೆಚ್ಚು ದಿನವಾಗಿರಲಿಲ್ಲ. ಕೂಗಿನವನು ಅವಳ ಗಾಡಿಗೆ ಕೂಗುತ್ತಿರಲಿಲ್ಲ, ಅವಳೇ ಕೂಗಿಕೊಳ್ಳುತ್ತಿದ್ದಳು. ಅವಳು ಗೇರು ಹಾಕುವ ಸದ್ದು ಕೇಳಿ, "ಏನಮ್ಮಾ, ಗೇರು ಹಾಕ್ತೀಯೋ ಕಡಲೆ ಹುರೀತೀಯೋ?" ಎಂದು ಮೊದಲು ಹಂಗಿಸಿದವನು ಹಿರೇ ಡ್ರೈವರೇ. ಆ ಮಾತು ಸ್ಟ್ಯಾಂಡಿನ ಗಾದೆಯಾಗಿಬಿಟ್ಟಿತ್ತು. ಅವಳ ಗಾಡಿ ತುಂಬದೆ ಹಗಲೆಲ್ಲ ನಿಂತಿತ್ತು. ಈಗ ಸ್ಥಳ ಸಿಗದೆ ಉಳಿದವರೆಲ್ಲ ಒಬ್ಬೊಬ್ಬರಾಗಿ ಅದರಲ್ಲೇ ಸೇರಿದ್ದರು. ಭರಣಿ ಅಜ್ಜಿ ಹತ್ತಿದ್ದಳು, ಕ್ಷೌರದವನು ಹತ್ತಿದ್ದ. ಸೀಟು ಭರ್ತಿಯಾಗದೆ ಗಾಡಿ ಬಿಡುವುದು ಸ್ಟ್ಯಾಂಡಿನ ಪದ್ಧತಿಯಲ್ಲ. ಆಲದ ಕೆಳಗೆ ಹತ್ತದೆ ಉಳಿದವನು ಒಬ್ಬನೇ ಒಬ್ಬ.

ಅವಳು ಅವನ ಮುಂದೆ ಬಂದು ನಿಂತಳು. ಅವನು ತಲೆ ತಗ್ಗಿಸಿದ.

"ನನ್ನ ಕೂರಿಸ್ಕೊಂಡ್ರೆ ನಿನ್ನ ಗಾಡಿ ತಿರುಗ್ತದೆ ತಾಯಿ."

"ತಿರುಗಿದ್ರೆ ತಿರುಗಲಿ. ಕಡಲೆ ಹುರಿಯೋದಕ್ಕೆ ಇನ್ನೊಂದು ಸುತ್ತು ಸಿಕ್ತದೆ." ಅವಳು ನಗದೆ ಹೇಳಿದಳು. "ಆದ್ರೆ ಒಂದು ಮಾತು ಅಪ್ಪಾರೆ. ನನ್ನ ಗಾಡೀಲಿ ಇಬ್ಬರು ಡ್ರೈವರಿಲ್ಲ. ಹಿಂದಿನ ಸಾಲಲ್ಲಿ ಅಜ್ಜಿ ಪಕ್ಕ ಕೂತ್ಕೊಳ್ಳಿ. ಹತ್ತಿ, ಹೊತ್ತಾಯ್ತು!"

ಹಿಂದಿನ ಸಾಲು! ಅಲ್ಲಿ ಮುಂದಿನ ಗಾಜು ಕಾಣುವುದಿಲ್ಲ. ಕಾಣುವುದು ಮುಂದೆ ಕೂತವರ ಬೆನ್ನು, ತುರುಬು, ಪೇಟ. ಅವನು ಬಗ್ಗಿ, ಯಾರ ಯಾರದೋ ಮೊಣಕಾಲು ದಾಟಿ ಹೋಗಿ, ಅಜ್ಜಿಯ ಪಕ್ಕ ತುರುಕಿಕೊಂಡು ಕೂತ. ಕೂತೊಡನೆ ಅಜ್ಜಿ ಭರಣಿಯನ್ನು ಅವನ ಮಡಿಲಿಗೆ ಇಟ್ಟಳು.

"ಹಿಡ್ಕೋ. ಎರಡೂ ಕೈಲಿ. ಬೆಳಗಿಂದ ನಿನ್ನ ದೆಸೆಯಿಂದ ಅರ್ಧ ಎಣ್ಣೆ ಚೆಲ್ಲಿದೆ. ಕಾಲು ಅಲುಗಿಸಿದೆಯೋ, ಮಾವಿನಕಾಯಿ ಪಂಚೆಗೆ."

ಡ್ರೈವರಮ್ಮ ಸ್ಟೀರಿಂಗನ್ನು ಕಣ್ಣಿಗೊತ್ತಿಕೊಂಡಳು. "ನನ್ನದೇನೂ ಇಲ್ಲ, ಕೂತವರದೇ ಎಲ್ಲ." ಕಡಲೆ ಹುರಿದ ಸದ್ದಾಯಿತು. ಗಾಡಿ ಹೊರಟಿತು.

ಹಿರೇ ಡ್ರೈವರು ಕಣ್ಣು ಮುಚ್ಚಿದ. ಮುಚ್ಚಿದರೇನು? ಗಾಲಿಯ ಸದ್ದು ತೆಳುವಾದರೆ ಬೇವಿನ ಸಾಲೆಂದು ಅವನ ಮೈಗೆ ಗೊತ್ತು. ಬೆನ್ನ ಕೆಳಗೆ ಗಾಡಿ ಎಡಕ್ಕೆ ವಾಲಿತು; ಬಲಕ್ಕೆ ಎಳೆಯಬೇಕೆಂದು ಅವನ ಭುಜ ಬಲಕ್ಕೆ ವಾಲಿತು. ಆಗ ಅಜ್ಜಿ ಮೊಣಕೈಯಿಂದ ತಿವಿದಳು.

"ಏನು ಹೆಸರಿಡ್ತೀಯ?"

"ಏನು?"

"ಮಗೂಗೆ ಕಣಪ್ಪ. ಬೆಳಗಿಂದ ಇಡೀ ಊರನ್ನ ಸುತ್ತಿಸ್ತಿದೀಯಲ್ಲ, ಆ ಕಿವೀಲಿ ಹೇಳೋದೇನು?"

ಹಿರೇ ಡ್ರೈವರು ಕಣ್ಣು ಬಿಟ್ಟ. ಬಾಯಿ ಬಿಟ್ಟ. ಬಾಯಲ್ಲಿ ಏನೂ ಇರಲಿಲ್ಲ. ಬೆಳಗಿನಿಂದ ಅವನು ಬೇವನ್ನು ನೆನೆದಿದ್ದ, ಏರಿಯನ್ನು ನೆನೆದಿದ್ದ, ಹುಣಸೆಯನ್ನು ನೆನೆದಿದ್ದ, ಹೆಸರನ್ನು ನೆನೆದಿರಲಿಲ್ಲ. ಗುಡಿಯ ಸಾಲಿನಲ್ಲಿ ನುಗ್ಗಿ, ತಳ್ಳಿ, ಬೆವರಿ ದೇವರ ಮುಂದೆ ಹೋಗಿ ನಿಂತಾಗ ಬೇಡಲು ಬಂದದ್ದೇ ಮರೆತುಹೋಗುವುದಿಲ್ಲವೇ, ಹಾಗೆ.

"ಅಯ್ಯೋ ಅಜ್ಜಿ," ಎಂದ. "ಹೆಸರೇ ಇಲ್ಲ ನನ್ನ ಹತ್ರ."

"ಹೆಸರಿಲ್ಲ!" ಎಂದು ಅಜ್ಜಿ ಗಾಡಿಗೆಲ್ಲ ಕೇಳುವ ಹಾಗೆ ಸಾರಿದಳು. "ಕೇಳಿದ್ರೇನ್ರೋ, ಇವನ ಹತ್ರ ಹೆಸರೇ ಇಲ್ಲವಂತೆ!"

ಬೆನ್ನುಗಳೆಲ್ಲ ತಿರುಗಿ ಮುಖಗಳಾದವು. ಗಾಡಿಯೊಳಗೆ ಸಂತೆ ಸೇರಿತು. "ಗಂಗೆ ಅಂತಿಡಿ," ಎಂದಿತು ಒಂದು ತುರುಬು. "ಗಂಗೆ ಬೇಡ, ನಮ್ಮತ್ತೆ ಹೆಸರು. ಬಾಯಿ ಜೋರಾಗ್ತದೆ," ಎಂದಿತು ಇನ್ನೊಂದು. ಕ್ಷೌರದವನು ಪೆಟ್ಟಿಗೆಯ ಮೇಲೆ ತಾಳ ಹಾಕುತ್ತ, "ಚಂದ್ರಿ ಅನ್ನಿ ಸ್ವಾಮಿ. ಕನ್ನಡಿ ತೋರಿಸಿದ್ರೆ ಹೊಳೀಬೇಕು," ಎಂದ. "ಕನ್ನಡಿ ನಿಮಗಿರಲಿ, ದೇವಿ ಹೆಸರಿರಬೇಕು," ಎಂದಿತು ಒಂದು ಪೇಟ. "ದೇವಿ ಹೆಸರಿಟ್ಟರೆ ಬೈಯೋಕಾಗಲ್ಲ, ಮಕ್ಕಳನ್ನ ಬೈಯದೆ ಆಗ್ತದಾ?" ಎಂದು ಎಲ್ಲಿಂದಲೋ ಬಂತು. ಗಾಡಿ ನಕ್ಕಿತು. ಹಿರೇ ಡ್ರೈವರು ಒಂದೊಂದು ಹೆಸರನ್ನೂ ಬಾಯಲ್ಲಿಟ್ಟು ನೋಡಿದ. ಗಂಗೆ, ಎಂದು ಮೆಲ್ಲಗೆ ಕರೆದು ನೋಡಿದ. ಕಾಣದ ಮಗು ತಿರುಗಿ ನೋಡಲಿಲ್ಲ. ಚಂದ್ರೀ, ಎಂದ, ಅದೂ ನೋಡಲಿಲ್ಲ. ಮಗುವಿನ ಮುಖ ಹೇಗಿದ್ದೀತು? ಮಗಳ ಮೂಗೋ, ಅಳಿಯನ ಮೂಗೋ? ನಗುವಾಗ ಮಗಳಿಗೆ ಬೀಳುತ್ತಿದ್ದಂಥ ಗುಳಿ ಗಲ್ಲದಲ್ಲಿ ಬೀಳುತ್ತದೆಯೋ? ಆ ಗುಳಿಗೆ ಯಾವ ಹೆಸರು ಒಪ್ಪುತ್ತದೆ?

ಏರಿ ಬಂತೋ, ಅವನಿಗೆ ತಿಳಿಯದು. ಸುಣ್ಣದ ಗೂಡು ಕಳೆಯಿತೋ, ತಿಳಿಯದು.

ಗದ್ದಲ ಒಂದಿಷ್ಟು ತಗ್ಗಿದಾಗ ಅಜ್ಜಿ ಅವನ ತೋಳು ಮುಟ್ಟಿದಳು. ಅವಳ ದನಿ ಈಗ ಬೇರೆಯಾಗಿತ್ತು.

"ನನ್ನದೊಂದಿದೆ. ಬೇಕಾದ್ರೆ ತಗೋ."

"ಏನಜ್ಜಿ?"

"ಹೆಸರು. ನನ್ನ ಹೆಸರು." ಅಜ್ಜಿ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಸೊಸೆ ಆಗಿ ಬಂದಾಗ ಇವಳೇ ಅಂದ್ರು. ಆಮೇಲೆ ಅವನ ತಾಯಿ ಅಂದ್ರು. ಈಗ ಎಲ್ಲಾರಿಗೂ ಅಜ್ಜಿ. ಇಟ್ಟೋರು ಹೋದ್ರು, ಕರೆಯೋರೂ ಹೋದ್ರು. ತಂಗಿ ಒಬ್ಬಳಿದಾಳೆ, ಅವಳೂ ಅಕ್ಕ ಅಂತಾಳೆ. ಹೆಸರು ಸುಮ್ಮನೆ ಬಿದ್ದಿದೆ. ಚೆನ್ನಾಗಿದೆ, ಸವೆದಿಲ್ಲ."

ಅವನ ಕಿವಿಗೆ ಬಾಯಿ ಹಚ್ಚಿ ಅವಳು ಅದನ್ನು ಹೇಳಿದಳು. ಅವಳ ಉಸಿರಿನಲ್ಲಿ ಮೆಂತ್ಯ, ಸಾಸಿವೆ, ಇಂಗು ಘಮ್ಮೆಂದವು. ಹಿರೇ ಡ್ರೈವರು ಅಲುಗದೆ ಕೂತ. ಆ ಹೆಸರನ್ನು ಮನಸ್ಸಿನೊಳಗೆ ಒಮ್ಮೆ ಕರೆದ. ಕಾಣದ ಮಗು ತಿರುಗಿ ನೋಡಿತು. ಇನ್ನೊಮ್ಮೆ ಕರೆದ. ನಕ್ಕಿತು. ಗಲ್ಲದಲ್ಲಿ ಗುಳಿ ಬಿತ್ತು. ಅವನ ಕಣ್ಣಿಂದ ನೀರು ಇಳಿದು ಭರಣಿಯ ಬಟ್ಟೆಯ ಮೇಲೆ ತೊಟ್ಟಿಕ್ಕಿತು. ಎರಡೂ ಕೈಯಲ್ಲಿ ಭರಣಿ ಇದ್ದುದರಿಂದ ಒರೆಸಿಕೊಳ್ಳಲೂ ಆಗಲಿಲ್ಲ.

ಗಾಡಿ ನಿಂತಿತು.

"ಬಂತು, ಇಳ್ಕೊಳ್ಳಿ," ಎಂದಳು ಡ್ರೈವರಮ್ಮ.

ಗಾಡಿ ನಿಂತರೆ ಡ್ರೈವರು ಮಾಡುವುದೇನು? ಕೂತಲ್ಲೇ ಕೂತು ಮಿಕ್ಕವರನ್ನು ಇಳಿಸುತ್ತಾನೆ. ಹಿರೇ ಡ್ರೈವರೂ ಅದನ್ನೇ ಮಾಡಿದ. "ಇಳೀರಿ, ನಿಧಾನ, ಮೆಟ್ಟಿಲು ನೋಡ್ಕೊಂಡು," ಎಂದ. ತುರುಬು ಇಳಿಯಿತು, ಪೇಟ ಇಳಿಯಿತು, ಪೆಟ್ಟಿಗೆ ಹಿಡಿದು ಕ್ಷೌರದವನು ಇಳಿದ. "ಯಾರ ಸಾಮಾನೂ ಬಿಟ್ಟಿಲ್ಲ ತಾನೇ?" ಎಂದು ವಿಚಾರಿಸಿ, ಅಜ್ಜಿಯನ್ನೂ ಕೈಹಿಡಿದು ಇಳಿಸಿ, ಭರಣಿಯನ್ನು ಅವಳ ಕಂಕುಳಿಗೆ ಕೊಟ್ಟು, ತಾನು ಹೋಗಿ ಮತ್ತೆ ಸೀಟಿನಲ್ಲಿ ಕೂತ. ಗಾಡಿ ಹೊರಡಲೆಂದು ಕಾದ.

ಕೆಳಗೆ ನಿಂತವರು ಒಬ್ಬರ ಮುಖ ಒಬ್ಬರು ನೋಡಿದರು. ಪಡುವಣದಲ್ಲಿ ಸೂರ್ಯನ ಕೆಳಗಿನ ಅಂಚು ದಿಣ್ಣೆಯನ್ನು ಮುಟ್ಟಿತ್ತು.

"ಅಪ್ಪಾರೆ!" ಡ್ರೈವರಮ್ಮ ಸೀಟಿನಿಂದ ಹಿಂದಕ್ಕೆ ಹೊರಳಿ ಕಿರುಚಿದಳು. "ಯಾರಿಗೆ ಕಾಯ್ತಿದೀರಿ?"

"ನೀನೇ ಕಣೋ ಇಳಿಯಬೇಕಾದವ!" ಅಜ್ಜಿ ಗಾಡಿಯ ತಗಡಿಗೆ ಕೈಯಿಂದ ಬಡಿದಳು. "ನೀನೇ! ಬಂದದ್ದು ನೀನು!"

ಅವನು ಕಿಟಕಿಯಿಂದ ನೋಡಿದ. ಆಲದ ಮರ ಇರಲಿಲ್ಲ. ತೋರಣ ಇತ್ತು. ತೋರಣದ ಕೆಳಗೆ ಬಾಗಿಲಿತ್ತು. ಬಾಗಿಲಲ್ಲಿ, ಹಣೆಗೆ ಕೈ ಅಡ್ಡ ಹಿಡಿದು, ಮಗಳು ನಿಂತಿದ್ದಳು. ಗಾಡಿಯ ಬಾಗಿಲಲ್ಲಿ ಕಾಣಿಸಿದ ಅಪ್ಪನನ್ನು ಕಂಡು ಅವಳ ಕೈ ಹಣೆಯಿಂದ ಜಾರಿತು.

"ಅಪ್ಪಾ, ಓಡು! ಹೊತ್ತು ಹೋಯ್ತು, ಓಡು!"

ಅವನು ಧುಮುಕಿದ. ಆ ಬೀದಿಯ ಮಣ್ಣನ್ನು ಅವನ ಗಾಡಿಯ ಗಾಲಿ ಮೆಟ್ಟಿತ್ತು, ಅವನ ಪಾದ ಮೆಟ್ಟಿರಲಿಲ್ಲ. ಮಣ್ಣು ಬೆಚ್ಚಗಿತ್ತು. ಅವನು ಓಡಿದ. ಜನ ದಾರಿ ಬಿಟ್ಟರು. ಮಗಳು ಅವನ ಕೈ ಹಿಡಿದು ಎಳೆದುಕೊಂಡೇ ಹೋದಳು. ಹಿಂದೆ ಗಾಡಿಯಲ್ಲಿ ಬಂದವರೂ ತಮ್ಮ ತಮ್ಮ ಕೆಲಸ ಮರೆತು ಓಡಿದರು. ಹೆಸರು ಯಾವುದಾಯಿತೆಂದು ತಿಳಿಯದೆ ಹೋಗುವುದು ಹೇಗೆ? ನಡುಮನೆಯಲ್ಲಿ ಹೂವಿನ ತೊಟ್ಟಿಲು. ಸುತ್ತ ಹೆಂಗಸರು ಉಸಿರು ಬಿಗಿಹಿಡಿದು ನಿಂತಿದ್ದರು. ಪಡುವಣದ ಕಿಟಕಿಯಿಂದ ಬಿದ್ದ ಬಿಸಿಲು ಬೆರಳಗಲ ಉಳಿದಿತ್ತು.

ಅವನು ಬಾಗಿದ. ಕಿವಿ ಎಷ್ಟು ಚಿಕ್ಕದು! ಬಾಯಿ ಹಚ್ಚಿ, ಉಸಿರಿಗಿಂತ ಮೆಲ್ಲಗೆ ಹೇಳಿದ. ಅಳುತ್ತಿದ್ದ ಮಗು ಅಳು ನಿಲ್ಲಿಸಿ ಕೇಳಿತು. ಕಿಟಕಿಯ ಬಿಸಿಲು ಆರಿತು.

"ಆಯ್ತು! ಹೆಸರಾಯ್ತು!" ಎಂದು ಹೆಂಗಸರು ಕೂಗಿದರು. ಬೀದಿಯಲ್ಲಿ ಡ್ರೈವರಮ್ಮ ಹಾರನ್ನಿನ ಮೇಲೆ ಒತ್ತಿದ ಕೈ ತೆಗೆಯಲೇ ಇಲ್ಲ.

ಕಿವಿಯಲ್ಲಿ ಹೇಳಿದ ಹೆಸರನ್ನು ಆಮೇಲೆ ಊರು ಕೇಳುವ ಹಾಗೆ ಮೂರು ಸಲ ಕರೆಯಬೇಕು. ಹಿರೇ ಡ್ರೈವರು ಸೆಟೆದು ನಿಂತ. ದಿನವೆಲ್ಲ ಬೇರೆಯವರ ಊರಿನ ಹೆಸರು ಕೂಗಿಸಿಕೊಂಡು ಬಾಳಿದವನು, ಎದೆ ತುಂಬ ಉಸಿರು ತಗೊಂಡು ಕರೆದ.

"ಸಂಪಗೀ!"

ಮಗಳು ಕೈಯಿಂದ ಬಾಯಿ ಮುಚ್ಚಿಕೊಂಡು ನಕ್ಕಳು, ಅತ್ತಳು.

"ಸಂಪಗೀ!"

ತೊಟ್ಟಿಲು ತೂಗಿತು.

"ಸಂಪಗೀ!"

"ಓ..." ಎಂದಿತು ಹೊಸಿಲ ಆಚೆಯಿಂದ ಒಂದು ದನಿ. ಎಲ್ಲರೂ ತಿರುಗಿ ನೋಡಿದರು. ಉಪ್ಪಿನಕಾಯಿಯ ಭರಣಿಯನ್ನು ಕಂಕುಳಲ್ಲಿಟ್ಟುಕೊಂಡ ಅಜ್ಜಿ, ಕರೆದವರು ಯಾರೆಂದೂ ನೋಡದೆ, "ಓ, ಬಂದೆ," ಎನ್ನುತ್ತ ಹೊಸಿಲು ದಾಟಿ ಒಳಗೆ ಬಂದಳು.